ಕೊರಳಲ್ಲಿದ್ದ ಮನೆ

ಲಕ್ಷ್ಮೀಪುರಂ ವಠಾರದಲ್ಲಿ ನಮ್ಮ ಪಕ್ಕದ ಮನೆಯಾಕೆ ಹಪ್ಪಳ ಒತ್ತಿ ಮಾರುತ್ತಿದ್ದರು. ಸ್ವಂತ ಮನೆಗೆ ಮುಂಗಡ ಕಟ್ಟಬೇಕೆಂಬುದು ಅವರ ಆಸೆ. ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲವೆಂದು, ಸ್ವಲ್ಪ ಕೂಡಿದಾಗಲೆಲ್ಲ ಒಂದು ಚಿನ್ನದ ಗುಂಡು ಕೊಂಡು ತಾಳಿಯ ಸರಕ್ಕೆ, ಕರಿಮಣಿಗಳ ನಡುವೆ ಪೋಣಿಸಿಕೊಳ್ಳುತ್ತಿದ್ದರು.

“ಏನ್ರೀ, ಕೊರಳು ತುಂಬ್ತು. ಇನ್ನು ಸೊಂಟಕ್ಕೂ ಮಾಡಿಸ್ಕೋತೀರಾ?” ಎಂದು ನಲ್ಲಿಯ ಹತ್ತಿರ ಹೆಂಗಸರು ಚುಚ್ಚುತ್ತಿದ್ದರು. ಆಕೆ ಗುಂಡುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು, “ಒಡವೆ ಅಲ್ಲ ಕಣ್ರೀ. ಇದು ಹೊಸ್ತಿಲು, ಇದು ಕಿಟಕಿ, ಈ ಕೊನೇ ನಾಲ್ಕೂ ಅಡುಗೆಮನೆ” ಎನ್ನುತ್ತಿದ್ದರು.

ನನ್ನ ಹೆಂಡತಿಗೆ ಹೆರಿಗೆ ಕಷ್ಟವಾಯಿತು. ಕೂಡಲೇ ಆಪರೇಷನ್ ಆಗಬೇಕೆಂದರು ಡಾಕ್ಟರು. ದುಡ್ಡಿಗೆಂದು ವಠಾರಕ್ಕೆ ಓಡಿಬಂದು, ಏನೂ ತೋಚದೆ ಅಂಗಳದಲ್ಲಿ ನಿಂತೆ. ವಿಷಯ ಕೇಳಿದ ಆಕೆ ಒಳಗೆ ಹೋಗಿ ಅರಿಶಿನದ ಕೊಂಬೊಂದನ್ನು ದಾರಕ್ಕೆ ಕಟ್ಟಿ ಮೊದಲು ಕೊರಳಿಗೆ ಹಾಕಿಕೊಂಡರು. ಆಮೇಲೆ ಸರ ತೆಗೆದು, ಕೊನೆಯ ನಾಲ್ಕು ಗುಂಡುಗಳನ್ನು ಬಿಚ್ಚಿ ನನ್ನ ಅಂಗೈಗೆ ಹಾಕಿದರು. ನಾನು ಅಂಗೈ ಮುಚ್ಚದೆ ಕೇಳಿದೆ:

“ಇದು ಅಡುಗೆಮನೆ ಅಲ್ವೇನಮ್ಮ?”

“ಒಲೆ ಎಲ್ಲಿಟ್ರೂ ಉರಿಯತ್ತೆ. ನೀನು ಹೋಗಪ್ಪ.”

ನಾನು ಹಿಂದಿರುಗಿಸುವ ಮೊದಲೇ ಮುಂಗಡದ ಗಡುವು ಬಂತು. ಉಳಿದ ಗುಂಡುಗಳಿಗೆ ಸಿಕ್ಕಿದ್ದು ಒಂದೇ ಕೋಣೆಯ ಮನೆ.

ಗೃಹಪ್ರವೇಶಕ್ಕೆ ಮಗಳನ್ನು ಎತ್ತಿಕೊಂಡು ಹೋದೆವು. ಹಿತ್ತಲಲ್ಲಿ, ತಗಡಿನ ಸೂರಿನಡಿ, ಹೊಸ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಆಕೆ ಮಗುವನ್ನು ಕಂಕುಳಿಗೇರಿಸಿಕೊಂಡು ಬಂದವರಿಗೆಲ್ಲ ಮನೆ ತೋರಿಸುತ್ತಿದ್ದರು.

“ಅದು ಹೊಸ್ತಿಲು. ಅದು ಕಿಟಕಿ.” ಆಮೇಲೆ ಮಗುವಿನ ನೆತ್ತಿ ಸವರಿ, ಅದೇ ದನಿಯಲ್ಲಿ ಹೇಳಿದರು: “ಇದು ಅಡುಗೆಮನೆ.”