ತಾಮ್ರದ ಕೊಡದಲ್ಲಿ ತವರಿನ ಮೀನು

ನನ್ನ ಹೆಂಡತಿಯ ತವರು ಖಾನಾಪುರ ತಾಲ್ಲೂಕಿನ ಬೀಡಿ. ಆ ಮನೆಯ ಬಾವಿಯಲ್ಲಿ ಬೆರಳುದ್ದದ ಮೀನುಗಳಿವೆ. ಬೆಳ್ಳಿ ಮೈ, ಬಾಲದ ಹತ್ತಿರ ಒಂದು ಕಪ್ಪು ಚುಕ್ಕೆ. ಲಿಂಗಾಯತರ ಮನೆ, ಮೀನು ತಿನ್ನುವವರು ಯಾರೂ ಇಲ್ಲ. ಸೊಳ್ಳೆಮರಿ ತಿಂದು ನೀರನ್ನು ಶುಚಿಯಾಗಿಡಲಿ ಎಂದು ಹಿಂದೆ ಯಾರೋ ಬಿಟ್ಟಿದ್ದರು. ಅಲ್ಲಿಂದ ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು ತಾಮ್ರದ ಕೊಡದಲ್ಲಿ ಬಾವಿಯ ನೀರನ್ನೂ ಕೆಲವು ಮೀನುಗಳನ್ನೂ ಒಯ್ದು ಗಂಡನ ಮನೆಯ ಬಾವಿಗೆ ಬಿಡುತ್ತಾರೆ. ಈ ಪದ್ಧತಿಯನ್ನು ಬೇರೆ ಯಾರ ಮನೆಯಲ್ಲೂ ನಾನು ಕಂಡಿಲ್ಲ. ನನ್ನ ಹೆಂಡತಿಯೂ ಹಾಗೆಯೇ ತಂದಳು. ಬೆಳಗಾವಿಯ ನಮ್ಮ ಬಾವಿ ಮುಚ್ಚಿಸಿದಾಗ ಆ ಮೀನುಗಳ ಸಂತತಿ ಪಡಸಾಲೆಯ ಗಾಜಿನ ತೊಟ್ಟಿಗೆ ಬಂತು.

ಮಗಳು ಮದುವೆಯಾಗಿ ಪುಣೆ ಸೇರಿದಳು. ಫ್ಲ್ಯಾಟಿನಲ್ಲಿ ಬಾವಿ ಎಲ್ಲಿಂದ ಬರಬೇಕು? ಅವಳೇ ಒಂದು ತೊಟ್ಟಿ ಕೊಂಡು, ನೀರು ತುಂಬಿಸಿ, ಅಜ್ಜಿಯ ಬಾವಿಯ ಮೀನು ಬೇಕೆಂದು ದಿನವೂ ಫೋನ್ ಮಾಡತೊಡಗಿದಳು. ನಮ್ಮ ತೊಟ್ಟಿಯಲ್ಲಿ ಉಳಿದಿದ್ದವು ಮುದಿ ಮೀನುಗಳು ಮಾತ್ರ. ಬೀಡಿಯಿಂದಲೇ ತರಿಸಬೇಕಾಯಿತು.

ನಾನು ಪತ್ರಿಕೆಯ ಸುದ್ದಿಮನೆಯಲ್ಲಿ ಕೆಲಸ ಮಾಡುವವನು. ಕಾಡಿನ ಹಳ್ಳದ ಮೀನು ಹಿಡಿದು ಅಕ್ವೇರಿಯಂ ಅಂಗಡಿಗೆ ಮಾರಿದವರ ಮೇಲೆ ಪ್ರಕರಣ ದಾಖಲಾದ ವರದಿಗಳನ್ನು ತಿದ್ದಿದ್ದೇನೆ. ಕಳಿಸುವ ಮೊದಲು ಮೀನುಗಾರಿಕೆ ಇಲಾಖೆಯಲ್ಲಿ ಕೇಳೋಣ ಎಂದೆ.

"ನಾಕ ಮೀನಕ್ಕ ವಕೀಲರನ್ನ ಹಿಡಿಯೂಣೇನ್ರಿ?" ಎಂದಳು ಹೆಂಡತಿ. "ನಮ್ಮವ್ವ ನನ್ನ ಕಳಸಾಗ ಯಾವ ಸರ್ಕಾರನ್ನ ಕೇಳಿದ್ಲು?"

"ಆವಾಗ ನೀ ರಾಜ್ಯ ದಾಟಿರಲಿಲ್ಲ."

"ಮೀನಕ್ಕ ರಾಜ್ಯ ಯಾವುದಂತ ಗೊತ್ತೈತೇನು? ಗಡಿ ಜಗಳ ನಿಮ್ಮ ಪೇಪರದಾಗ ಇರಲಿ, ತೊಟ್ಟ್ಯಾಗ ಬ್ಯಾಡ."

ಮರುದಿನ ಅವಳ ತಮ್ಮ ಪ್ಲಾಸ್ಟಿಕ್ ಕ್ಯಾನಿನಲ್ಲಿ ಮೀನು ತಂದ. ಅವನು ಬೀಡಿಯಲ್ಲಿ ಹೊಲ ನೋಡಿಕೊಳ್ಳುವವನು, ನಮ್ಮ ಮಗಳಿಗೆ ಒಬ್ಬನೇ ಸೋದರಮಾವ. ಮದುವೆಯಲ್ಲಿ ಬೀಗರ ಕಡೆಯವರು ಹೊಗಳುವಂಥದ್ದು ತಾನೇನೂ ಕೊಡಲಿಲ್ಲ ಎಂಬ ಕೊರಗು ಅವನಿಗೆ ಇತ್ತು. ಮೀನುಗಳನ್ನು ತೊಟ್ಟಿಗೆ ಬಿಟ್ಟು ಅನ್ನದ ಅಗುಳು ಹಾಕಿದೆವು. ಚುಕ್ಕೆಯವು ಮೇಲೆ ಬಂದವು. ಮೈತುಂಬ ಹಳದಿ, ಕಪ್ಪು ಗೆರೆಗಳಿದ್ದ ಎರಡು ಮಾತ್ರ ತಳದ ಗಾಜಿಗೆ ಅಂಟಿಕೊಂಡು ಜೋರಾಗಿ ಉಸಿರಾಡುತ್ತಿದ್ದವು.

"ಇವೂ ಬಾವಿವೇನು?" ಎಂದೆ.

"ತಳದಾಗ ಇರ್ತಾವ ಮಾಮಾ. ಪ್ಯಾಟಿ ಮಂದಿಗಿ ಕಾಣಂಗಿಲ್ಲ."

ಎರಡೂ ಬಗೆಯ ಮೀನುಗಳನ್ನು ನೀರಿನ ಜಾಡಿಗಳಲ್ಲಿ ಹಾಕಿಕೊಂಡು, ಅವನನ್ನೂ ಕರೆದುಕೊಂಡು ಇಲಾಖೆಯ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ನಡುವಯಸ್ಸಿನ ಹೆಣ್ಣುಮಗಳು. ಜಾಡಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಈ ಚುಕ್ಕಿ ಮೀನು ಸಂರಕ್ಷಿತ ಜಾತಿ ಅಲ್ರಿ. ನಿಮ್ಮ ಸ್ವಂತ ಬಾವಿದ್ದು, ಮನ್ಯಾಗ ಇಟ್ಕೋರಿ, ಮಗಳಿಗಿ ಕೊಡ್ರಿ. ಮಾರೂದಾದ್ರ ಬ್ಯಾರೆ ನಿಯಮ ಅದಾವ." ಎರಡನೆಯ ಜಾಡಿಯನ್ನು ಮೇಜಿನ ಮೇಲಿಟ್ಟರು. "ಇವು ಹರಿಯೂ ನೀರಾಗ ಕಲ್ಲಿಗಿ ಅಂಟಿ ಬದುಕೂವು. ಬಾವ್ಯಾಗ ಹೆಂಗ ಬಂದ್ವು?"

ಅವನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ. "ಜಾಂಬೋಟಿ ಆಚೆ ಹಳ್ಳದಾಗ ಹಿಡದ್ನಿರಿ. ಅಕ್ಕನ ಮಗಳ ಪುಣಾದಾಗ ಇರಾಕಿ. ನೋಡಿದವ್ರು ಸೋದರಮಾವ ಏನೋ ಕಳಿಸ್ಯಾನ ಅನ್ನಬೇಕು. ಬರೇ ಬಾವಿ ಮೀನ ಹೆಂಗ ಕಳಸೂದ್ರಿ?"

"ಹಳ್ಳ ಅಭಯಾರಣ್ಯದ ಒಳಗೋ, ಹೊರಗೋ?"

"ಬೋರ್ಡ್ ದಾಟಿದ ಮ್ಯಾಲ ಸಿಗ್ತೈತ್ರಿ."

ಅಧಿಕಾರಿ ನಗಲಿಲ್ಲ. ಅವರು ಹೇಳಿದ್ದರ ಸಾರ ಇಷ್ಟು: ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಮೀನು ಹಿಡಿದರೆ ಅಪರಾಧ. ಅದು ಅಪರೂಪದ ಜಾತಿಯೋ ಸಾಮಾನ್ಯದ್ದೋ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಹೆದರಿ ಯಾವುದೋ ಹಳ್ಳಕ್ಕೆ ಬಿಡುವುದೂ ತಪ್ಪು, ತೊಟ್ಟಿಯ ರೋಗ ಹೊಳೆಗೆ ಸೇರುತ್ತದೆ. ಇಂದೇ ಖಾನಾಪುರದ ಅರಣ್ಯ ಕಚೇರಿಗೆ ಒಯ್ದು ಒಪ್ಪಿಸಬೇಕು.

ಹೆಂಡತಿಯೂ ಕಾರು ಹತ್ತಿದಳು. ದಾರಿಯಲ್ಲಿ ಅವಳ ತಮ್ಮ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ದೇಸೂರು ದಾಟಿದ ಮೇಲೆ ಕೇಳಿದ:

"ಅಕ್ಕಾ, ನನ್ನ ಹಿಂಡಲಗಾಕ್ಕ ಕಳಿಸಿದ್ರ ಜೇಲಿಗಿ ಬುತ್ತಿ ತರ್ತಿಯೇನ?"

"ಮದಲ ಮೀನ ಪುಣಾಕ್ಕ ಹೋಗ್ಲಿ. ಆಮ್ಯಾಲ ನಿನ್ನ ಬುತ್ತಿ."

"ಮೀನಕಿಂತ ಕಡಿಮಿ ಆದ್ನ್ಯಾ?"

"ಮೀನ ಸುಳ್ಳ ಹೇಳಿಲ್ಲ."

ಅರಣ್ಯ ಕಚೇರಿಯಲ್ಲಿ ಅವನ ಹೇಳಿಕೆ ಬರೆದುಕೊಂಡರು. ತಾನಾಗಿ ಬಂದು ಒಪ್ಪಿಸಿದ್ದಾನೆ, ಮೀನು ಜೀವಂತ ಇವೆ, ಮಾರಾಟಕ್ಕೆ ಹಿಡಿದದ್ದಲ್ಲ ಎಂದು ವಲಯ ಅರಣ್ಯಾಧಿಕಾರಿ ಎಚ್ಚರಿಕೆ ಕೊಟ್ಟು ಬಿಟ್ಟರು. ಬೇರೊಬ್ಬ ಅಧಿಕಾರಿ ಪ್ರಕರಣ ದಾಖಲಿಸಬಹುದಿತ್ತು, ಅದೂ ಕಾನೂನಿನೊಳಗೇ ಇರುತ್ತಿತ್ತು. ಮೀನುಗಾರಿಕೆ ಅಧಿಕಾರಿಯನ್ನು ಫೋನಿನಲ್ಲಿ ಕೇಳಿ, ಮೀನುಗಳನ್ನು ಹಿಡಿದ ಜಾಗಕ್ಕೇ ಬಿಡಲು ಒಪ್ಪಿದರು. ಹಳ್ಳದ ಜಾಗ ತೋರಿಸಲು ಅವನು ಸಿಬ್ಬಂದಿಯ ಜೀಪಿನಲ್ಲಿ ಹೋದ. ಸಂಜೆ ಮರಳಿದಾಗ ಪ್ಯಾಂಟು ಮೊಣಕಾಲಿನವರೆಗೆ ಒದ್ದೆಯಾಗಿತ್ತು. "ನೀರಿಗಿ ಬಿಟ್ಟಕೂಡ್ಲೆ ಕಲ್ಲ ಬುಡಕ ಹೋದ್ವು. ಹೊಳ್ಳಿ ಸೈತ ನೋಡಲಿಲ್ಲ," ಎಂದ.

ಪುಣೆಯ ಪ್ರಯಾಣಕ್ಕೆ ಇದ್ದದ್ದು ಇನ್ನೊಂದು ತೊಡಕು. ವಿಚಾರಿಸಿದ ಕಡೆಯಲ್ಲೆಲ್ಲ ಜೀವಂತ ಮೀನಿನ ಪಾರ್ಸಲ್ ಬೇಡವೆಂದರು. ನಾವು ಮೂವರೇ ಒಯ್ಯುವುದೆಂದು ನಿರ್ಧಾರವಾಯಿತು. ಅಕ್ವೇರಿಯಂ ಅಂಗಡಿಯವನು ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುತ್ತೇನೆ, ಹಿಂದಿನ ದಿನ ಅವಕ್ಕೆ ಏನೂ ತಿನ್ನಿಸಬೇಡಿ, ನೀರು ಕೆಡುತ್ತದೆ ಎಂದ. ಹೆಂಡತಿಗೆ ಇದು ಒಗ್ಗಲಿಲ್ಲ.

"ಗಂಡನ ಮನಿಗಿ ಹೋಗೂ ಜೀವಕ್ಕ ಉಪಾಸ ಕೆಡವೂದ?"

ಅದಕ್ಕಿಂತ ಅವಳನ್ನು ಕಾಡಿದ್ದು ಕೊಡ. ತಾಮ್ರದ ಕೊಡದಲ್ಲಿ ಒಯ್ಯದಿದ್ದರೆ ಪದ್ಧತಿ ಎಲ್ಲಿ ಉಳಿಯಿತು ಎಂಬುದು ಅವಳ ವಾದ. ತಾಮ್ರದಲ್ಲಿ ಬಹಳ ಹೊತ್ತು ಇಟ್ಟರೆ ಮೀನು ಸಾಯುತ್ತವೆ ಎಂದು ಅಂಗಡಿಯವನು ಹೇಳಿದ್ದ. ಬೀಡಿಯಿಂದ ಬೆಳಗಾವಿಗೆ ದಾರಿ ಚಿಕ್ಕದಿತ್ತು, ಆದ್ದರಿಂದ ಹಿಂದೆ ನಡೆದಿತ್ತು. ಕೊನೆಗೆ ದಾರಿ ಕಂಡವನು ಅವಳ ತಮ್ಮನೇ. ಮೀನು ಚೀಲದಲ್ಲಿ, ಚೀಲ ಕೊಡದಲ್ಲಿ.

ಬಸ್ಸಿನಲ್ಲಿ ಅವಳು ಕೊಡವನ್ನು ಮಡಿಲಲ್ಲಿ ಹಿಡಿದು ಕೂತಳು. ಕಂಡಕ್ಟರ್ ಬಗ್ಗಿ ನೋಡಿದ.

"ಅಕ್ಕಾರ, ಪುಣಾದಾಗ ನೀರಿಲ್ಲೇನ್ರಿ?"

"ನೀರೈತಿ. ಬಾವಿ ಇಲ್ಲ," ಎಂದ ಅವಳ ತಮ್ಮ.

ಫ್ಲ್ಯಾಟ್ ತಲುಪಿದಾಗ ಎಲ್ಲ ಮೀನುಗಳೂ ಜೀವಂತ ಇದ್ದವು. ಕಟ್ಟಿದ ಚೀಲವನ್ನು ಸ್ವಲ್ಪ ಹೊತ್ತು ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟು, ಬಿಸಿತಂಪು ಸಮವಾದ ಮೇಲೆ ಬಾಯಿ ಬಿಚ್ಚಿದೆವು. ಬೀಗಿತ್ತಿ ಆರತಿಯ ತಟ್ಟೆ ಹಿಡಿದು ನಿಂತಿದ್ದರು. ಆರತಿ ಸೊಸೆಗೋ ಮೀನಿಗೋ ಎಂದು ನನಗೆ ಸ್ಪಷ್ಟವಾಗಲಿಲ್ಲ, ನಾನು ಕೇಳಲೂ ಇಲ್ಲ.

"ಮಾಮಾ, ಗೆರಿ ಮೀನ ತರ್ತೀನಿ ಅಂದಿದ್ದಿಯಲ್ಲ?" ಎಂದಳು ಮಗಳು.

ಅವನು ನನ್ನ ಮುಖ ನೋಡಿದ. "ಅವನ್ನ ಅವುಗಳ ತವರಿಗೇ ಬಿಟ್ಟ ಬಂದ್ನಿ."

ಮೀನುಗಳು ಒಂದು ಮೂಲೆಯಲ್ಲಿ ಒತ್ತೊತ್ತಾಗಿ ನಿಂತಿದ್ದವು. ನನ್ನ ಹೆಂಡತಿ ಸೆರಗಿನ ತುದಿಯ ಗಂಟು ಬಿಚ್ಚಿ, ಬೀಡಿಯಲ್ಲಿ ಬಾವಿಕಟ್ಟೆಯ ಮೇಲೆ ಕೂತು ಹಾಕುತ್ತಿದ್ದಂತೆ, ಒಂದೊಂದೇ ಅಗುಳು ಹಾಕಿದಳು. ಮೊದಲನೆಯದು ತಳ ಸೇರಿತು. ಎರಡನೆಯದನ್ನು ಕಪ್ಪು ಚುಕ್ಕೆಯ ಮೀನೊಂದು ಮೇಲೆ ಬಂದು ಕಚ್ಚಿಕೊಂಡು ಹೋಯಿತು.

"ಹಾಂ, ಇನ್ನ ಇರ್ತಾವ," ಎಂದು ಅವಳು ಕೈ ಕೊಡವಿಕೊಂಡಳು. ಖಾಲಿ ಕೊಡವನ್ನು ಮಗಳು ವಾಪಸು ಕೊಡಲಿಲ್ಲ.