‘ಎಷ್ಟೇ’ ಎಂಬ ಮಾತು

ಎಪ್ಪತ್ತೊಂದರ ಯುದ್ಧದಲ್ಲಿ, ರಾತ್ರಿ ಬೆಳಕು ಹೊರಗೆ ಕಾಣದಂತೆ ಕಿಟಕಿಯ ಗಾಜಿಗೆ ಕಂದು ಕಾಗದ ಮೆತ್ತಲು ಅಮ್ಮ ಸ್ಟೋವಿನ ಮೇಲೆ ಮೈದಾಹಿಟ್ಟಿನ ಅಂಟು ಕಾಯಿಸುತ್ತಿದ್ದಳು. ಯುದ್ಧವೆಂದರೆ ನನಗೆ ಇಂದಿಗೂ ಮೊದಲು ನೆನಪಾಗುವುದು ಆ ಅಂಟಿನ ವಾಸನೆ. ಮುಂಬೈಯ ಚೆಂಬೂರಿನ ನಮ್ಮ ಚಾಳಿನಲ್ಲಿ ಸೈರನ್ ಕೂಗಿದರೆ ನಾವು ಮಕ್ಕಳು ಮೆಟ್ಟಿಲ ಕೆಳಗೆ ನುಗ್ಗಿ ಕಿಲಕಿಲ ನಗುತ್ತಿದ್ದೆವು. ಶಾಲೆಗೆ ರಜೆ ಕೊಡಿಸಿದ್ದಕ್ಕೆ ಶತ್ರುವಿಗೇ ಮನಸ್ಸಿನಲ್ಲಿ ಋಣಿಗಳಾಗಿದ್ದೆವು. ಆಗ ದೇಶವೆಲ್ಲ ಒಂದೇ ಮನೆಯಂತಿತ್ತು ಎಂದು ಈಗಲೂ ಹೇಳಿಕೊಂಡು ತಿರುಗುತ್ತೇನೆ, ಗೆಳೆಯರೇ. ಆ ಮನೆಯಿಂದ ಯಾರು ಯಾರು ಹೋಗಿ ಮರಳಲಿಲ್ಲವೆಂದು ಏಳು ವರ್ಷದ ನನಗೆ ಯಾರೂ ಹೇಳಿರಲಿಲ್ಲ.

ಮೊನ್ನೆ ಗಡಿಯಲ್ಲಿ ಗುಂಡು ಹಾರತೊಡಗಿದಾಗ ಅರವತ್ತು ದಾಟಿದ ನನ್ನಲ್ಲಿ ಅದೇ ಹುರುಪು ಮತ್ತೆ ಎದ್ದಿತು. ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿಗೆ ನಾನೇ ಸೆಕ್ರೆಟರಿ. ‘ಗೆಲ್ಲುವವರೆಗೂ ಹಿಂಜರಿಯುವುದು ಬೇಡ, ಎಷ್ಟೇ ಬಲಿದಾನವಾದರೂ ನಾವು ಸಿದ್ಧ’ ಎಂದು ಸರ್ಕಾರಕ್ಕೊಂದು ಪತ್ರ ಬರೆದು, ಸಹಿಗಾಗಿ ಮಹಡಿ ಮಹಡಿ ಹತ್ತಿಳಿದೆ. ಎಲ್ಲರೂ ಟೀವಿಯಿಂದ ಕಣ್ಣು ಕೀಳದೆಯೇ ಸಹಿ ಗೀಚಿದರು.

ಕೆಳಗಿನ ಮನೆಯಲ್ಲಿ ರವಿಕೆ ಹೊಲಿಯುವ ಗಂಗಕ್ಕ ಮಾತ್ರ ಮಶೀನು ನಿಲ್ಲಿಸಿ, “ಏನ್ ಬರದೀರಿ, ಓದಿ ಹೇಳ್ರಿ ಅಣ್ಣಾರ” ಎಂದರು. ಬೆಳಗಾವಿ ಕಡೆಯವರು, ಒಬ್ಬನೇ ಮಗ ಬಸವರಾಜ ಸೈನ್ಯದಲ್ಲಿದ್ದ, ಆಗ ಗಡಿಯಲ್ಲೇ ಇದ್ದ. ಓದಿ ಹೇಳಿದೆ.

“ಹೋಗಬ್ಯಾಡ ಅಂತ ನಾ ಅವಂಗ ಒಮ್ಮಿನೂ ಅಂದಿಲ್ರಿ. ಹಿಂದ ಸರಿ ಅಂತ ಈಗೂ ಅನ್ನೂದಿಲ್ಲ. ಆದ್ರ ಅದೊಂದು ‘ಎಷ್ಟೇ’ ತಗದ್ ಬಿಡ್ರಿ. ಎಷ್ಟೇ ಅನ್ನಾಕ ಅವರೇನು ಜ್ವಾಳದ ಚೀಲ ಏನ್ರಿ? ಒಬ್ಬೊಬ್ಬಂಗೂ ಒಬ್ಬಾಕಿ ಅವ್ವ ಅದಾಳ.”

ಆ ಪದವನ್ನು ಹೊಡೆದುಹಾಕಿದೆ. ಅವರು ಸಹಿ ಮಾಡಿದರು. ಘೋಷಣೆಗಳಲ್ಲಿ ನಾನು ಹುಡುಕುತ್ತ ಬಂದ ದೃಢತೆ ಹೊಲಿಗೆಯ ಮಶೀನಿನ ಮುಂದೆ ಸದ್ದಿಲ್ಲದೆ ಕೂತಿತ್ತು. ನಾನು ಸಿದ್ಧನಾಗಿದ್ದದ್ದಾದರೂ ಯಾತಕ್ಕೆ? ಪರರ ಮಕ್ಕಳನ್ನು ಕೊಡುವುದಕ್ಕೆ. ನನ್ನ ಮಗ ಪರೇಲಿನ ಆಫೀಸಿನಲ್ಲಿ ತಣ್ಣಗೆ ಕೂತಿದ್ದ.

ಆಮೇಲೆ ಮೂರು ದಿನ ಬಸವರಾಜನ ಫೋನಿಲ್ಲ. ಬಿಲ್ಡಿಂಗಿನ ಟೀವಿಗಳ ಗದ್ದಲ ತಾನಾಗಿಯೇ ತಗ್ಗಿತು, ಮೆಟ್ಟಿಲ ಮೇಲೆ ಎದುರಾದವರೆಲ್ಲ “ಫೋನ್ ಆಯಾ ಕ್ಯಾ?” ಎಂದು ಪಿಸುಗುಟ್ಟಿ ಹೋಗುತ್ತಿದ್ದರು. ನಾಲ್ಕನೆಯ ದಿನ ಮಧ್ಯಾಹ್ನ ಫೋನು ಬಂದಾಗ ನಾನು ಗಂಗಕ್ಕನ ಮನೆಯಲ್ಲೇ ಇದ್ದೆ; ಅವರು ಸ್ಪೀಕರ್ ಒತ್ತಿದರು.

“ಯವ್ವಾ, ನಾ ಆರಾಮ ಅದೀನಿ.”

ಗಂಗಕ್ಕ ಕಣ್ಣು ಮುಚ್ಚಿ ಗೋಡೆಗೆ ಒರಗಿದರು. ಮರುಕ್ಷಣವೇ, “ಸಂದೀಪ ಹ್ಯಾಂಗದಾನೋ? ಹೋದ ರಜಾಕ್ಕ ನಿನ್ನ ಜೋಡಿ ಬಂದಿದ್ದನಲ್ಲ, ಸಾತಾರದ ಹುಡುಗ?” ಎಂದು ಕೇಳಿದರು.



“ಅಂವ ಹ್ವಾದ, ಯವ್ವಾ.”

ಮಗ ಉಳಿದನೆಂದು ಸಂತೋಷಪಡಲು ಅವರಿಗೆ ಆಗಲೇ ಇಲ್ಲ. ಮರುದಿನ ಬೆಳಿಗ್ಗೆ ಸಾತಾರಕ್ಕೆ ಹೊರಟು ನಿಂತರು. ಕರೆಯದಿದ್ದರೂ ನಾನೂ ಹೊರಟೆ. ದಾದರಿನಲ್ಲಿ ಬಸ್ಸು ಹತ್ತುವಾಗ ಅವರ ಕೈಯಲ್ಲೊಂದು ಬಟ್ಟೆಯ ಗಂಟಿತ್ತು. ಏನೆಂದು ಕೇಳಿದೆ.

“ರೊಟ್ಟಿ-ಪಲ್ಯಾರೀ. ಆ ಮನ್ಯಾಗ ಇನ್ನೂ ಒಲಿ ಹಚ್ಚಿರೂದಿಲ್ಲ.”

ಘಾಟಿನುದ್ದಕ್ಕೂ ಆ ಗಂಟನ್ನು ನಾನೇ ತೊಡೆಯ ಮೇಲಿಟ್ಟುಕೊಂಡು ಕೂತೆ.