ಬಾಯಿ ಮುಚ್ಚಿಕೊಳ್ಳುವ ಪರೀಕ್ಷೆ

ನರ್ಸಿಂಗ್ ಕಾಲೇಜಿನ ಹುಡುಗಿಯರು ತಮಗೆ ಪಾಠ ಹೇಳುವ ಮೇಡಂಗೆ ಗುಡುಗಮ್ಮ ಎಂದು ಹೆಸರಿಟ್ಟು ಇಪ್ಪತ್ತೆಂಟು ವರ್ಷವಾಗಿತ್ತು. ಹೆಸರಿಟ್ಟವರಲ್ಲಿ ಒಬ್ಬಿಬ್ಬರು ಈಗ ಅಜ್ಜಿಯರಾಗಿದ್ದಾರೆ. ಗುಡುಗು ಮಾತ್ರ ನಿಂತಿರಲಿಲ್ಲ. ಅವರು ಪಾಠ ಹೇಳುವ ರೀತಿ ಬಹಳ ಸರಳ. ವಾರ್ಡಿನಲ್ಲಿ ಹುಡುಗಿಯ ಬೆನ್ನ ಹಿಂದೆ ನಿಲ್ಲುವುದು, ಅವಳು ತಪ್ಪು ಮಾಡುವ ಅರೆಗಳಿಗೆ ಮುಂಚೆ ಗದರುವುದು. ಹೀಗಾಗಿ ಅವರ ಕಣ್ಣೆದುರು ಯಾರೂ ತಪ್ಪು ಮಾಡಿದ್ದೇ ಇಲ್ಲ. ಮಾಡಲು ಬಿಟ್ಟರೆ ತಾನೆ? ಇದನ್ನು ಅವರು ತಮ್ಮ ಜೀವಮಾನದ ಸಾಧನೆ ಎಂದೇ ನಂಬಿದ್ದರು.

ಅಷ್ಟರಲ್ಲಿ ಕಾಲೇಜಿಗೆ ಆಳೆತ್ತರದ ರಬ್ಬರ್ ಗೊಂಬೆಯೊಂದು ಬಂತು. ಅದರ ಎದೆ ಏರಿಳಿಯುತ್ತದೆ, ನಾಡಿ ಬಡಿಯುತ್ತದೆ, ಬೇಕೆಂದರೆ ಬೆವರುತ್ತದೆ. ಹುಡುಗಿಯರು ಅದನ್ನು ರಬ್ಬರ್ ಮಾವ ಎಂದು ಕರೆದರು. ಮೇಷ್ಟರಾದವರು ಪಕ್ಕದ ಕೋಣೆಯಲ್ಲಿ, ಆ ಕಡೆಯಿಂದ ಕನ್ನಡಿಯಂತೆ ಕಾಣುವ ಗಾಜಿನ ಹಿಂದೆ ಕೂತು, ಮೈಕಿನಲ್ಲಿ ಮಾವನ ದನಿಯಾಗಬೇಕು. ಹುಡುಗಿಯರು ತಪ್ಪು ಮಾಡಿದರೆ ಮಾಡಲು ಬಿಡಬೇಕು. ಆಮೇಲೆ ಎಲ್ಲರನ್ನೂ ಸುತ್ತ ಕೂರಿಸಿಕೊಂಡು, ಏನೂ ಹೇಳದೆ, ಬರೀ ಪ್ರಶ್ನೆ ಕೇಳಬೇಕು. ಇದಕ್ಕೆ ನಾಲ್ಕು ವಾರ ತರಬೇತಿ, ಕೊನೆಗೊಂದು ಪರೀಕ್ಷೆ. ಪಾಸಾಗದವರಿಗೆ ಇನ್ನು ಪಾಠವಿಲ್ಲ, ರೆಕಾರ್ಡ್ ರೂಮೇ ಗತಿ. ನಿವೃತ್ತಿಗೆ ಇನ್ನೂ ನಾಲ್ಕು ವರ್ಷವಿದ್ದ ಗುಡುಗಮ್ಮನವರಿಗೆ ಊಟ ಸೇರದಾಯಿತು. ಹುಡುಗಿಯರಿಲ್ಲದ ಕೋಣೆಯಲ್ಲಿ ಹಳೇ ಫೈಲುಗಳನ್ನು ಗದರಿಕೊಂಡು ಬದುಕುವುದು ಹೇಗೆ?

ತರಬೇತಿ ಕೊಡಲು ಬಂದ ಮೇಡಂಗೆ ಇವರ ಮಗಳ ವಯಸ್ಸು, ಪಿಸುಮಾತಿಗಿಂತ ಒಂದೇ ಮೆಟ್ಟಿಲು ಮೇಲಿನ ದನಿ. ಮೊದಲ ದಿನ ಆಕೆ ಮೈಕಿನ ಮುಂದೆ ಕೂತ ಗುಡುಗಮ್ಮನವರಿಗೆ ಒಂದು ಚೀಟಿ ಕೊಟ್ಟಳು. ರೋಗಿ ಆಡಬೇಕಾದದ್ದು ಮೂರೇ ಮಾತು: ಎದೆ ನೋವು, ಉಸಿರು ಕಟ್ಟುತ್ತಿದೆ, ಭಯವಾಗುತ್ತಿದೆ. ವಿದ್ಯಾರ್ಥಿನಿ ಒಳಗೆ ಬಂದವಳೇ ಮಾವನ ಮಣಿಕಟ್ಟು ಹಿಡಿದಳು.

"ಎದೆ ನೋಯ್ತಿದೆ," ಎಂದ ರಬ್ಬರ್ ಮಾವ. "ಅದಿರ್ಲಿ, ಕೈ ಎಲ್ಲಿ ತೊಳ್ಕೊಂಡೆ ನೀನು?"

ಅಲ್ಲಿಂದ ಮುಂದೆ ಮಾವ ತನ್ನ ಚಿಕಿತ್ಸೆಯನ್ನು ತಾನೇ ವಹಿಸಿಕೊಂಡ. ಮಂಚದ ತಲೆಭಾಗ ಎತ್ತಿಸಿದ, ಆಕ್ಸಿಜನ್ ಹಾಕಿಸಿದ, ಮಾಸ್ಕ್ ತಲೆಕೆಳಗಾಗಿದೆ ಎಂದು ಬೈದ. ದಿಕ್ಕು ತೋಚದ ತರಬೇತಿ ಮೇಡಂ ಗುಂಡಿ ಒತ್ತಿ ಅವನ ಹೃದಯವನ್ನೇ ನಿಲ್ಲಿಸಿಬಿಟ್ಟಳು. ಹುಡುಗಿ ಹಾರಿಬಂದು ಎದೆ ಒತ್ತತೊಡಗಿದಳು. "ಹಾಗಲ್ಲ ಕಣೇ, ಮೊಣಕೈ ನೆಟ್ಟಗಿಡು," ಎಂದಿತು ಹೆಣ. ಹುಡುಗಿ ವಿನಯದಿಂದ "ಸರಿ ಮೇಡಂ" ಎಂದಳು. ಸತ್ತ ಮೇಲೂ ಪಾಠ ಹೇಳುವ ರೋಗಿಯನ್ನು ತಾನು ಈ ಮೊದಲು ಕಂಡಿಲ್ಲವೆಂದು ತರಬೇತಿ ಮೇಡಂ ಷರಾ ಬರೆದಳು.

ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಆದರೂ ಗುಡುಗಮ್ಮ ಮನೆಯಲ್ಲಿ ಅಭ್ಯಾಸಕ್ಕೆ ಕೂತರು. ಅವರ ಯಜಮಾನರು ದರ್ಜಿ. ಮೂವತ್ತು ವರ್ಷದಿಂದ ಹೆಂಡತಿ ಹೇಳಿದಂತೆ ಲೋಟ ತೊಳೆದು, ಹೇಳಿದ ಜಾಗದಲ್ಲಿ ಬೋರಲು ಹಾಕುತ್ತ ಬಂದ ಸಾಧುಪ್ರಾಣಿ. ಆ ಭಾನುವಾರ ಅವರು ಚಹಾಕ್ಕೆ ಸಕ್ಕರೆ ಎಂದುಕೊಂಡು ಉಪ್ಪು ಸುರಿದರು. ಗುಡುಗಮ್ಮ ಕಣ್ಣಾರೆ ಕಂಡರೂ ತುಟಿ ಬಿಚ್ಚಲಿಲ್ಲ. ಯಜಮಾನರು ಒಂದು ಗುಟುಕು ಕುಡಿದು ಮುಖ ಹಿಂಡಿದ ಮೇಲೆ, ತರಬೇತಿಯಲ್ಲಿ ಕಲಿತಂತೆ ಮೆಲ್ಲಗೆ, ಉಪ್ಪು ಹಾಕುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ಕೇಳಿದರು.

ಆ ಪುಣ್ಯಾತ್ಮ ಹೆದರಿ ಹಿತ್ತಿಲಿಗೆ ಹೋಗಿ ನಾದಿನಿಗೆ ಫೋನು ಮಾಡಿದರು. "ನಿಮ್ಮಕ್ಕ ನನ್ನ ಮನಸ್ಸಲ್ಲಿ ಏನಿದೆ ಅಂತ ಕೇಳ್ತಿದಾಳೆ ಕಣಮ್ಮ. ಬೈತಾನೂ ಇಲ್ಲ. ಒಂಚೂರು ಬಂದು ನೋಡು." ನಾದಿನಿ ಬಿಪಿ ನೋಡುವ ಯಂತ್ರದ ಸಮೇತ ಆಟೋ ಹತ್ತಿ ಬಂದಳು. ನೋಡಿದರೆ ಬಿಪಿ ಏರಿದ್ದು ಭಾವನಿಗೆ.

ಪರೀಕ್ಷೆಯ ದಿನ ಗುಡುಗಮ್ಮ ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಗಾಜಿನ ಹಿಂದೆ ಕೂತರು. ಮಾವನಿಗೆ ಒಂದು ಔಷಧಿ ಆಗಿಬರುವುದಿಲ್ಲವೆಂದು ಅವನ ಕೈಪಟ್ಟಿಯಲ್ಲೇ ಬರೆದಿತ್ತು. ಡಾಕ್ಟರ ಚೀಟಿಯಲ್ಲಿದ್ದುದೂ ಅದೇ ಔಷಧಿ. ಮೂರನೇ ವರ್ಷದ ಸಪೂರ ಹುಡುಗಿಯೊಬ್ಬಳು ಚೀಟಿ ಓದಿದಳು, ಸಿರಿಂಜಿಗೆ ಔಷಧಿ ಎಳೆದಳು, ಕೈಪಟ್ಟಿ ನೋಡಲಿಲ್ಲ. ಗುಡುಗಮ್ಮನವರ ಕಾಲ್ಬೆರಳು ಚಪ್ಪಲಿಯೊಳಗೆ ಮುದುಡಿಕೊಂಡವು. ಸೂಜಿ ಹಿಡಿದ ಹುಡುಗಿ ಯಾಕೋ ನಿಂತು, ಗಾಜಿನ ಕಡೆ ತಿರುಗಿ, ಬಹಳ ಹೊತ್ತು ನೋಡಿದಳು. ಅವಳಿಗೆ ಅಲ್ಲಿ ಕಾಣುತ್ತಿದ್ದುದು ತನ್ನದೇ ಮುಖ. ಹುಡುಗಿ ಸೂಜಿ ಚುಚ್ಚಿದಳು. ಮಾವ ಉಬ್ಬಸಪಟ್ಟು, ಬೆವರಿ, ನಾಡಿ ತಪ್ಪಿ ಹೋಗೇಬಿಟ್ಟ. ಈ ಸಲ ತುಟಿಪಿಟಕ್ಕೆನ್ನದೆ ಸತ್ತ.

ಆಮೇಲೆ ಎಲ್ಲರೂ ಮಾವನ ಮಂಚದ ಸುತ್ತ ಕೂತರು. ತರಬೇತಿ ಮೇಡಂ ಮೂಲೆಯಲ್ಲಿ ಅಂಕದ ಹಾಳೆ ಹಿಡಿದಿದ್ದಳು. ಗುಡುಗಮ್ಮ ಬಾಯಿಗೆ ಬಂದ ಬೈಗುಳವನ್ನೆಲ್ಲ ನುಂಗಿಕೊಂಡು, ಗಾಜಿನ ಕಡೆ ತಿರುಗಿದಾಗ ಏನು ಯೋಚಿಸುತ್ತಿದ್ದೆ ಎಂದು ಕೇಳಿದರು.

ಹುಡುಗಿ ನೆಲ ನೋಡುತ್ತ ಹೇಳಿದಳು. "ನೀವು ಬೈತೀರೇನೋ ಅಂತ ಕಾಯ್ತಿದ್ದೆ ಮೇಡಂ. ನೀವು ಬೈಲಿಲ್ಲ. ಹಾಗಾದ್ರೆ ಸರಿಯಾಗೇ ಮಾಡ್ತಿದೀನಿ ಅನ್ಕೊಂಡೆ. ಮೂರು ವರ್ಷದಿಂದ ನಾನು ರೋಗಿ ಮುಖ ನೋಡೇ ಇಲ್ಲ. ನಿಮ್ಮ ಮುಖಾನೇ ನೋಡ್ಕೊಂಡು ಬಂದೆ."

ಗುಡುಗಮ್ಮ ಬಾಯಿ ತೆರೆದರು, ದನಿ ಬರಲಿಲ್ಲ. ಇಪ್ಪತ್ತೆಂಟು ವರ್ಷಗಳಲ್ಲಿ ತಾವು ಕಲಿಸಿ ಕಳಿಸಿದ ಹುಡುಗಿಯರು ಸಾಲಾಗಿ ನೆನಪಾದರು. ಯಾವ್ಯಾವ ಆಸ್ಪತ್ರೆಯಲ್ಲಿ, ಸೂಜಿ ಹಿಡಿದುಕೊಂಡು, ಇವರ ಮುಖ ಹುಡುಕುತ್ತ ಹಿಂದೆ ತಿರುಗುತ್ತಿದ್ದಾರೋ. ಅವರಿಗೆ ನಾಚಿಕೆಯಾಯಿತು, ಅಳು ಬಂತು. ಕೊನೆಗೆ ಹುಡುಗಿಯೇ, ಕೈಪಟ್ಟಿ ನೋಡಬೇಕಿತ್ತು, ಎಲ್ಲಕ್ಕಿಂತ ಮೊದಲು ಅದನ್ನೇ ನೋಡಬೇಕಿತ್ತು ಎಂದಳು.

ಮೂಲೆಯಿಂದ ಪೆನ್ನಿನ ಸದ್ದು ಕೇಳಿಸಿತು. ವಿದ್ಯಾರ್ಥಿಗೆ ಯೋಚಿಸಲು ಮೌನ ಒದಗಿಸುವ ಕೌಶಲಕ್ಕೆ ತರಬೇತಿ ಮೇಡಂ ಹತ್ತಕ್ಕೆ ಹತ್ತು ಕೊಟ್ಟು, ನೀವು ಪಾಸಾದಿರಿ ಎಂದು ಕೈಕುಲುಕಲು ಎದ್ದು ಬಂದಳು.

"ಕೌಶಲ ಅಲ್ಲಮ್ಮ ಅದು, ಗಂಟಲು ಕಟ್ಕೊಂಡಿತ್ತು," ಎಂದರು ಗುಡುಗಮ್ಮ. ಮೂಗು ಒರೆಸಿಕೊಂಡು ಹುಡುಗಿಯ ಕಡೆ ತಿರುಗಿದರು. "ಇನ್ನೊಂದ್ಸಲ ಮಾಡ್ತೀಯಾ? ನಾನು ಈ ಕಡೆ ತಿರುಗಿ ನಿಂತಿರ್ತೀನಿ."

ಶಿಕ್ಷೆಗೆ ನಿಂತ ಶಾಲಾ ಹುಡುಗಿಯ ಹಾಗೆ ಅವರು ಗೋಡೆಗೆ ಮುಖ ಮಾಡಿ ನಿಂತರು. ಬೆನ್ನ ಹಿಂದೆ ನಲ್ಲಿಯ ನೀರು ಬಿದ್ದ ಸದ್ದಾಯಿತು. ಆಮೇಲೆ ಹುಡುಗಿ ರಬ್ಬರ್ ಮಾವನ ಹತ್ತಿರ ಹೋಗಿ, ನಿಮ್ಮ ಹೆಸರೇನು ಎಂದು ಕೇಳಿದಳು. ಉತ್ತರ ಕೊಡಲು ತರಬೇತಿ ಮೇಡಂ ಮೈಕಿನ ಕೋಣೆಗೆ ಓಡಿದಳು.